ಕರ್ನಲ್ ಸಾಹೇಬರ ನಿವೇಶನಗಳು

ಮನುಷ್ಯನಿಗೆ ಹೆಸರಿದ್ದರೆ ಸಾಲದು, ವಿಳಾಸವೂ ಬೇಕು. ಹೆಸರಾದರೋ ತಂದೆತಾಯಿಗಳು ಪುಕ್ಕಟೆಯಾಗಿ ಇಟ್ಟದ್ದು. ವಿಳಾಸವನ್ನು ಮಾತ್ರ ಅವನೇ ಸಂಪಾದಿಸಿಕೊಳ್ಳಬೇಕು. ನಮ್ಮ ಮೈಸೂರಿನಲ್ಲಂತೂ ವಿಳಾಸ ಹೇಳಿದರೆ ಅರ್ಧ ಜಾತಕ ಹೇಳಿದಂತೆ. ಅಗ್ರಹಾರವೆಂದರೆ ಒಂದು ತಲೆಮಾರು, ಒಂಟಿಕೊಪ್ಪಲೆಂದರೆ ಇನ್ನೊಂದು, ಕುವೆಂಪುನಗರವೆಂದರೆ ಮತ್ತೊಂದು. ಕೆಲವು ಮನೆಗಳ ಗೇಟಿನ ಮೇಲೆ ‘ಹಳೆಯ ನಂಬರು’, ‘ಹೊಸ ನಂಬರು’ ಎಂದು ಎರಡಿರುತ್ತವೆ. ಅಂಚೆಯವನಿಗೆ ಗೊತ್ತಿರುವುದು ಮೂರನೆಯದು: ‘ನುಗ್ಗೆಮರದ ಮನೆ’.

ಇಷ್ಟು ಪೀಠಿಕೆ ಏಕೆಂದರೆ, ವಿಳಾಸದ ವಿಚಾರದಲ್ಲಿ ನಮಗಿಂತಲೂ ಕಟ್ಟುನಿಟ್ಟಾದ ಒಂದು ಊರು ನನ್ನ ಮೇಜಿನ ಮೇಲೆಯೇ ಇದೆ. ಅದು ನಮ್ಮ ಮನೆಯ ಗಣಕಯಂತ್ರ. ಅದನ್ನು ಕೊಂಡಾಗ ನಾಲ್ಕು ಜಿ.ಬಿ. ಸ್ಮರಣಶಕ್ತಿಗೆ ಹಣ ತೆತ್ತಿದ್ದೆವು. ತೆರೆಯ ಮೇಲೆ ಅದು ಒಪ್ಪಿಕೊಂಡದ್ದು ಮೂರೂಕಾಲು ಜಿ.ಬಿ. ಮಾತ್ರ. ಹಾಲಿಗೆ ನೀರು ಬೆರೆಸುವುದನ್ನು ಕಂಡ ನಮ್ಮ ಮನೆಯಲ್ಲಿ ಅಂಗಡಿಯವನ ಮೇಲೆ ಕೂಡಲೇ ಅನುಮಾನ ಹುಟ್ಟಿತು. ಇಂಜಿನಿಯರಿಂಗ್ ಓದುತ್ತಿದ್ದ ನಮ್ಮ ಅಕ್ಕನ ಮಗ ಬಂದು ನ್ಯಾಯ ತೀರಿಸಿದ.

“ಅಂಗಡಿಯವನದು ತಪ್ಪಿಲ್ಲ ಮಾಮ. ಇದು 32 ಬಿಟ್ಟಿನ ವ್ಯವಸ್ಥೆ. ಇದರಲ್ಲಿ ಇರುವ ಮನೆ ನಂಬರುಗಳೇ 429 ಕೋಟಿ 49 ಲಕ್ಷ 67 ಸಾವಿರದ 296. ಎಲ್ಲವನ್ನೂ ಸ್ಮರಣೆಗೇ ಕೊಟ್ಟರೆ ಉಳಿದವರು ಎಲ್ಲಿ ಇರಬೇಕು?”

ಉಳಿದವರು ಯಾರೆಂದರೆ, ಚಿತ್ರ ಮೂಡಿಸುವ ಕಾರ್ಡು, ಧ್ವನಿಯ ಕಾರ್ಡು, ಜಾಲಕ್ಕೆ ಜೋಡಿಸುವ ಕಾರ್ಡು ಮೊದಲಾದ ಸಾಧನಗಳು. ಯಂತ್ರದ ಮಿದುಳಿಗೆ ಗೊತ್ತಿರುವುದು ಮನೆ ನಂಬರು ಹೇಳಿ ಕಾಗದ ಕಳುಹಿಸುವುದು ಅಥವಾ ತರಿಸಿಕೊಳ್ಳುವುದು ಅಷ್ಟೆ. ಆ ನಂಬರಿನ ಬಾಗಿಲ ಹಿಂದೆ ಸ್ಮರಣೆಯಿದ್ದರೆ ಬರೆದದ್ದು ಉಳಿಯುತ್ತದೆ. ಚಿತ್ರದ ಕಾರ್ಡಿದ್ದರೆ ಬರೆದದ್ದು ಬಣ್ಣದ ಚುಕ್ಕೆಯಾಗಿ ತೆರೆಯ ಮೇಲೆ ಬೆಳಗಬಹುದು. ಆದ್ದರಿಂದ ಸಾಧನಗಳಿಗೂ ಅದೇ ಬೀದಿಯಲ್ಲಿ ನಿವೇಶನ ಕೊಡಬೇಕು.

ಈ ವ್ಯವಹಾರವನ್ನೆಲ್ಲ ನೋಡಿಕೊಳ್ಳುವವನು ಯಾರು ಎಂದೆ. “ಕರ್ನಲ್” ಎಂದ ಹುಡುಗ. ಕರ್ನಲ್ ಎಂದೊಡನೆ ಕನ್ನಡ ಮೇಷ್ಟರ ಕಣ್ಣಮುಂದೆ ಬಂದು ನಿಂತವನು ಕರ್ನಲ್ ಕಾಲಿನ್ ಮೆಕೆಂಜಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯನ್ನು ಅಳೆದು ನಕ್ಷೆ ಬರೆಸಿದವನು, ಊರೂರಿನ ಕೈಫಿಯತ್ತುಗಳನ್ನು ಕೂಡಿಹಾಕಿಸಿದವನು. “ಆ ದಂಡಿನ ಕರ್ನಲ್ ಅಲ್ಲ ಮಾಮ, ಇದು ತಿರುಳು ಎಂಬ ಅರ್ಥದ ಬೇರೆ ಮಾತು” ಎಂದು ಹುಡುಗ ನಕ್ಕ. ಮಾತು ಬೇರೆಯಾದರೂ ಉದ್ಯೋಗ ಒಂದೇ ಎಂದು ನನಗೆ ಅನಿಸಿತು. ಅಳೆಯುವುದು, ನಕ್ಷೆ ಬರೆಯುವುದು, ಯಾವುದು ಯಾರದೆಂದು ದಫ್ತರದಲ್ಲಿ ಕಾಣಿಸುವುದು.

ಅಳೆಯುವ ರೀತಿಯಂತೂ ಸೊಗಸಾಗಿದೆ. ಪ್ರತಿಯೊಂದು ಕಾರ್ಡಿನಲ್ಲೂ ತನ್ನ ವಿಳಾಸ ಬರೆದುಕೊಳ್ಳಲು ಒಂದು ಸಣ್ಣ ಹಲಗೆಯಿರುತ್ತದೆ. ಕರ್ನಲ್ ಆ ಹಲಗೆಯ ತುಂಬ ‘ಒಂದು, ಒಂದು, ಒಂದು’ ಎಂದು ಬರೆದು, ಮರುಕ್ಷಣ ತಾನೇ ಓದುತ್ತಾನೆ. ಬಲಗಡೆಯ ಕೆಲವು ಅಂಕಗಳು ಬರೆಸಿಕೊಳ್ಳದೆ ಸೊನ್ನೆಯಾಗಿಯೇ ಉಳಿದಿರುತ್ತವೆ. ಆ ಸೊನ್ನೆಗಳಿಂದ ಅದಕ್ಕೆ ಎಷ್ಟು ಜಾಗ ಬೇಕೆಂದು ಲೆಕ್ಕ ಸಿಕ್ಕುತ್ತದೆ. ನಮ್ಮಲ್ಲಿ ಮೂವತ್ತು-ನಲವತ್ತು, ನಲವತ್ತು-ಅರವತ್ತು ಎಂಬಂತೆ ಅಲ್ಲಿ ಎಲ್ಲ ನಿವೇಶನಗಳೂ ಎರಡರ ಘಾತಗಳಲ್ಲಿರುತ್ತವೆ. ಹದಿನಾರರ ಅಳತೆಯದು ಹದಿನಾರರ ಮಗ್ಗಿಯಲ್ಲಿ ಬರುವ ನಂಬರಿನಿಂದಲೇ ಆರಂಭವಾಗಬೇಕು. ಯಂತ್ರದಲ್ಲೇ ಹುದುಗಿರುವ ಬುನಾದಿ ತಂತ್ರಾಂಶ ಮೊದಲು ಹಂಚುತ್ತದೆ. ಕರ್ನಲ್ ಅದನ್ನು ತಾಳೆ ನೋಡಿ, ಬಿಟ್ಟುಹೋದವರಿಗೂ ತಕರಾರಿನಲ್ಲಿ ಸಿಕ್ಕವರಿಗೂ ಜಾಗ ತೋರಿಸುತ್ತಾನೆ.

ಮುಂದೆ ಹುಡುಗ ಅದೇ ಯಂತ್ರಕ್ಕೆ 64 ಬಿಟ್ಟಿನ ಲಿನಕ್ಸ್ ಹಾಕಿಕೊಟ್ಟ. ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ತನ್ನ ಇಪ್ಪತ್ತೊಂದನೆಯ ವಯಸ್ಸಿನಲ್ಲಿ, 1991ರಲ್ಲಿ, ಬರೆದು ಹೊರತಂದ ಕರ್ನಲ್ ಅದು. ಸ್ಥಳವಿಲ್ಲದೆ ಮರೆಯಾಗಿದ್ದ ಮುಕ್ಕಾಲು ಜಿ.ಬಿ.ಗೆ ನಾಲ್ಕು ಜಿ.ಬಿ. ಗಡಿಯಾಚೆ, ನಮ್ಮ ರಿಂಗ್ ರಸ್ತೆಯಾಚೆಯ ಬಡಾವಣೆಗಳಂತೆ, ಹೊಸ ನಂಬರು ದೊರೆಯಿತು. ಲಿನಕ್ಸಿನಲ್ಲಿ ನಿವೇಶನಗಳ ದಫ್ತರವನ್ನೇ ತೆರೆದು ನೋಡಬಹುದು. ಮೊದಲ ಸಲ ತೆರೆದಾಗ ಎಲ್ಲ ಸಾಲಿನಲ್ಲೂ ಬರಿಯ ಸೊನ್ನೆಗಳಿದ್ದುವು. ಸಾಮಾನ್ಯ ಪ್ರಜೆಗೆ ಹಾಗೆಯೇ ಕಾಣುವುದಂತೆ! ಅಧಿಕಾರಿಯ ಗುಪ್ತಪದ ಕೊಟ್ಟ ಮೇಲೆ ನಿಜವಾದ ಅಂಕಿಗಳು ಕಂಡುವು. ಈ ಒಂದು ವಿಷಯದಲ್ಲಿ ಮಾತ್ರ ಆ ಊರು ನಮ್ಮ ಊರಿನ ಹಾಗೆಯೇ ಇದೆ.

ಆ ಪಟ್ಟಿಯ ಆರಂಭದಲ್ಲಿ ಒಂದು ವಿಚಿತ್ರವಿದೆ. 640 ಕೆ.ಬಿ.ಯ ಸುಮಾರಿಗೆ ಸ್ಮರಣೆ ಇದ್ದಕ್ಕಿದ್ದಂತೆ ನಿಂತು, ಒಂದು ಎಂ.ಬಿ. ಆದ ಮೇಲೆ ಮತ್ತೆ ಮೊದಲಾಗುತ್ತದೆ. 1981ರ ಐ.ಬಿ.ಎಂ. ಗಣಕದಲ್ಲಿ ಆ ನಡುವಣ ಜಾಗವನ್ನು ಸಾಧನಗಳಿಗೆ ಬಿಟ್ಟಿದ್ದರು. ಇಂದಿಗೂ ಅದನ್ನು ಯಾರೂ ಮುಟ್ಟಿಲ್ಲ. ಪ್ಲೇಗಿನ ಹಾವಳಿ ಕಂಡ ಮೈಸೂರಿನಲ್ಲಿ 1903ರಲ್ಲಿ ನಗರಾಭಿವೃದ್ಧಿಯ ವಿಶ್ವಸ್ಥ ಮಂಡಳಿಯಾಯಿತು. ಅಗಲವಾದ ರಸ್ತೆಗಳಾದುವು, ಗಾಳಿ ಬೆಳಕಿನ ಬಡಾವಣೆಗಳಾದುವು. ಆದರೂ ಅಗ್ರಹಾರದ ಕೆಲವು ಓಣಿಗಳು ಹಳೆಯ ಸೊಟ್ಟಿನಲ್ಲೇ ಉಳಿದುವು. ಹಾಗೆಯೇ ಇದೂ.

ಇನ್ನೊಂದು ವಿಶೇಷ ನನ್ನಂಥ ಅಕ್ಷರಜೀವಿಗೆ ಬೆರಗು ಹುಟ್ಟಿಸಿತು. ಸಾಧನಗಳ ಕೆಲವು ಮನೆಗಳಲ್ಲಿ ಬರೆದಿರುವುದನ್ನು ಓದಿದರೆ ಸಾಕು, ಅದು ಅಳಿಸಿಹೋಗುತ್ತದೆ. ‘ಕೆಲಸವಾಯಿತು’ ಎಂಬ ಸುದ್ದಿ, ಒಬ್ಬರು ಓದಿದೊಡನೆ ಇಲ್ಲ. ಯಂತ್ರದ ಮಿದುಳಿಗೆ ಒಮ್ಮೆ ಓದಿದ್ದರ ನಕಲನ್ನು ಹತ್ತಿರವೇ ಇಟ್ಟುಕೊಳ್ಳುವ ಚಾಳಿಯುಂಟು. ನಿನ್ನೆಯ ನಕಲನ್ನು ಇಂದಿನ ಸುದ್ದಿಯೆಂದು ನಂಬಿದರೆ ಕೆಡುಕಾಗುವುದರಿಂದ, “ಈ ಮನೆಗಳ ವಿಷಯದಲ್ಲಿ ನಕಲು ಬೇಡ, ಪ್ರತಿಸಲವೂ ಹೋಗಿ ಕೇಳು” ಎಂದು ಕರ್ನಲ್ ಮೊದಲೇ ಕಟ್ಟಪ್ಪಣೆ ಮಾಡಿರುತ್ತಾನೆ.

ಆದರೆ ನನ್ನ ಮನಸ್ಸನ್ನು ಕಲಕಿದ್ದು ಇದಾವುದೂ ಅಲ್ಲ, ಒಂದು ಚಿಕ್ಕ ನಿಯಮ. ಸಾಧನವನ್ನು ನಡೆಸುವ ಚಾಲಕ ತಂತ್ರಾಂಶ ತನ್ನ ಜಾಗಕ್ಕೆ ಕಾಲಿಡುವ ಮೊದಲು ಕರ್ನಲ್‌ನನ್ನು ಕೇಳಬೇಕು. ಜಾಗ ಖಾಲಿಯಿದ್ದರೆ ದಫ್ತರದಲ್ಲಿ ಅದರ ಹೆಸರು ಬೀಳುತ್ತದೆ. ಬೇರೊಬ್ಬರ ಹೆಸರಾಗಲೇ ಬಿದ್ದಿದ್ದರೆ, “ಬೇರೆಯವರಿದ್ದಾರೆ” ಎಂಬ ಒಂದೇ ಉತ್ತರ. ಶಿಫಾರಸು ಇಲ್ಲ, ಎರಡನೆಯ ಪತ್ರವಿಲ್ಲ.

ನಮ್ಮ ಬಂಧುಗಳಲ್ಲಿ ಒಬ್ಬರು ಶಾಲೆಯ ಮೇಷ್ಟರಿದ್ದರು. ನಿವೃತ್ತಿಯ ಹಣವನ್ನೆಲ್ಲ ಹಾಕಿ ಊರಾಚೆ ಒಂದು ನಿವೇಶನ ಕೊಂಡರು. ತಳಪಾಯ ತೋಡಿಸಿದ ದಿನ ಇನ್ನೊಬ್ಬರು ಅದೇ ನಂಬರಿನ ಕಾಗದ ಹಿಡಿದು ಬಂದರು. ಅವರೂ ಮೋಸಗಾರರಲ್ಲ; ಜೀವಮಾನವೆಲ್ಲ ದುಡಿದ ಒಬ್ಬ ಗುಮಾಸ್ತರು. ಎರಡು ಕಾಗದಕ್ಕೂ ಮೊಹರಿತ್ತು. ಇಬ್ಬರು ಸಜ್ಜನರು ಹದಿನಾಲ್ಕು ವರ್ಷ ಕಚೇರಿಯ ಒಂದೇ ಬೆಂಚಿನ ಎರಡು ತುದಿಗಳಲ್ಲಿ ಕುಳಿತರು. ತೀರ್ಪು ಬರುವ ಮೊದಲೇ ಮೇಷ್ಟರು ಹೊರಟುಹೋದರು. ಗುಮಾಸ್ತರು ಶವಕ್ಕೆ ಹಾರ ತಂದಿದ್ದರು.

ಕರ್ನಲ್‌ನ ಊರಿನಲ್ಲೂ ಎಲ್ಲರೂ ಸಾಧುಗಳಲ್ಲ. ಕೆಲಸ ಮುಗಿಸಿ ಹೊರಡುವ ಚಾಲಕ ತನ್ನ ಜಾಗವನ್ನು ಬಿಟ್ಟುಕೊಡಬೇಕು. ಮರೆತು ಹೋದರೆ, ಒಳಗೆ ಯಾರೂ ಇಲ್ಲದಿದ್ದರೂ ದಫ್ತರದಲ್ಲಿ ಹೆಸರು ಉಳಿದು ಮುಂದೆ ಬಂದವನಿಗೆ ಜಾಗವಿಲ್ಲದಾಗುತ್ತದೆ. ಆದರೆ ಅಲ್ಲಿ ರಾತ್ರಿ ಯಂತ್ರ ಆರಿಸಿದರೆ ದಫ್ತರವೇ ಅಳಿಸಿಹೋಗುತ್ತದೆ. ಬೆಳಗ್ಗೆ ಕರ್ನಲ್ ಎದ್ದು ಮೊದಲಿನಿಂದ ಅಳೆಯುತ್ತಾನೆ. ಹಳೆಯ ವ್ಯಾಜ್ಯವೆಂಬುದೇ ಇಲ್ಲ.

ನಮಗೆ ಅಂಥ ಬೆಳಗಿಲ್ಲ. ಮೇಷ್ಟರ ನಿವೇಶನದಲ್ಲಿ ಈಗ ಪಾರ್ಥೇನಿಯಂ ಎದೆಯೆತ್ತರ ಬೆಳೆದಿದೆ. ಮಳೆಗಾಲದಲ್ಲಿ ತಳಪಾಯದ ಗುಂಡಿಯಲ್ಲಿ ನೀರು ನಿಲ್ಲುತ್ತದೆ. ಸುತ್ತಲಿನ ಮಕ್ಕಳು ಕಾಗದದ ದೋಣಿ ಬಿಡುತ್ತಾರೆ.