ನಾಟಕದ ತಂಡಕ್ಕೆ ಊಟ ಬಡಿಸುವವರು ಯಾರು?

ನಾಟಕ ಎಂಬ ಪದಕ್ಕೆ ನಮ್ಮ ಮನೆಗಳಲ್ಲಿ ಅಷ್ಟೇನೂ ಒಳ್ಳೆಯ ಹೆಸರಿಲ್ಲ. ಮಗು ಹಟ ಮಾಡಿ ಅತ್ತರೆ "ಸಾಕು ನಿನ್ನ ನಾಟಕ" ಎಂದು ಗದರುತ್ತೇವೆ. ಯಾರಾದರೂ ಸುಳ್ಳು ಹೇಳಿದರೆ "ಎಂಥ ನಾಟಕ ನೋಡಿ" ಎನ್ನುತ್ತೇವೆ. ಆದರೆ ಒಂದು ಹಳ್ಳಿಯ ಜನ ಲಾಭದ ಆಸೆಯಿಲ್ಲದೆ 75 ವರ್ಷಕ್ಕೂ ಮಿಕ್ಕಿ ಒಂದು ನಾಟಕ ಸಂಘವನ್ನು ನಡೆಸಿಕೊಂಡು ಬಂದಿದ್ದರೆ, ಅದರಿಂದ ಆ ಊರಿಗೆ ಏನು ಸಿಕ್ಕಿತು ಎಂದು ಕೇಳುವುದು ನ್ಯಾಯವಲ್ಲವೇ?

ನಾನು ಮೂಡುಬಿದಿರೆಯ ಪಕ್ಕದ ಪುತ್ತಿಗೆಯವಳು. ನಮ್ಮದು ಆಟದ ಸದ್ದು ಕೇಳಿ ಬೆಳೆದ ಸೀಮೆ. ಗದ್ದೆಯ ಕೊಯ್ಲು ಮುಗಿದ ಮೇಲೆ ಎಲ್ಲೋ ದೂರದಲ್ಲಿ ಬಯಲಾಟದ ಚೆಂಡೆ ಬಾರಿಸಿದರೆ ಅದು ನಮ್ಮ ಮನೆಯ ಜಗಲಿಗೂ ಕೇಳುತ್ತಿತ್ತು. ಹರಕೆಯ ಆಟಕ್ಕೆ ಟಿಕೆಟ್ ಇಲ್ಲ. ಹರಕೆ ಹೊತ್ತವರು ಖರ್ಚು ಕೊಡುತ್ತಾರೆ, ಊರೆಲ್ಲ ಕುಳಿತು ನೋಡುತ್ತದೆ. ಇತ್ತೀಚಿನ ವರ್ಷಗಳಲ್ಲಿ ನಮ್ಮ ಪುತ್ತಿಗೆ ಪದವಿನಲ್ಲಿ ಆಳ್ವಾಸ್ ವಿರಾಸತ್ ನಡೆದಾಗಲೂ ಸಾವಿರಾರು ಜನ ಒಂದೇ ಬಯಲಿನಲ್ಲಿ ಕುಳಿತದ್ದನ್ನು ಕಂಡಿದ್ದೇನೆ. ಹೀಗೆ ಕಲೆಯ ಖರ್ಚನ್ನು ಒಬ್ಬರು ಹೊತ್ತು ಎಲ್ಲರೂ ನೋಡುವ ರೂಢಿ ನಮಗೆ ಹೊಸತಲ್ಲ.

ಟಿಕೆಟಿನ ಹಣದಿಂದಲೇ ಬದುಕುವ ನಾಟಕ ಕಂಪೆನಿಗಳ ಕತೆ ಬೇರೆ. ನಮ್ಮ ಬಂಟ್ವಾಳ ತಾಲೂಕಿನ ಮಂಚಿಯಲ್ಲಿ 1929ರಲ್ಲಿ ಹುಟ್ಟಿದ ಬಿ.ವಿ. ಕಾರಂತರು ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಗುಬ್ಬಿ ಕಂಪೆನಿ ಸೇರಿದ್ದರು. ಕಂಪೆನಿ ನಾಟಕಗಳಲ್ಲಿ ಮಹಮ್ಮದ್ ಪೀರ್ ಅವರಂಥ ಹೆಸರಾಂತ ನಟರೂ ಇದ್ದರು. ಕಂಪೆನಿಗಳು ಜನರನ್ನು ನಗಿಸಿದವು, ಅಳಿಸಿದವು. ಆದರೆ ಜನ ಬಾರದಿದ್ದರೆ ಡೇರೆ ಕಿತ್ತು ಮುಂದಿನ ಊರಿಗೆ ಹೋಗಲೇಬೇಕಿತ್ತು. ಸಿನಿಮಾ ಬಂದ ಮೇಲೆ ಹಲವು ಕಂಪೆನಿಗಳು ಮುಚ್ಚಿಹೋದವು. ಜನರಿಗೆ ಬೇಕಾದುದಕ್ಕೂ ಪೆಟ್ಟಿಗೆ ತುಂಬಿಸುವುದಕ್ಕೂ ಯಾವಾಗಲೂ ಹೊಂದಿಕೆಯಾಗುವುದಿಲ್ಲ ಎಂಬುದು ಮನೆಯ ಲೆಕ್ಕ ಬರೆಯುವ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಇನ್ನು ಆಗುಂಬೆಯ ಘಟ್ಟ ಹತ್ತಿ ಸಾಗರದ ಕಡೆಗೆ ಹೋಗೋಣ. ಸಾಗರದ ಹತ್ತಿರ ಹೆಗ್ಗೋಡು ಎಂಬ ಹಳ್ಳಿಯಿದೆ. ಅಡಿಕೆ ತೋಟದ ಕೃಷಿಕರೇ ಹೆಚ್ಚಾಗಿರುವ ಊರು. 1949ರಲ್ಲಿ ಅಲ್ಲಿಯ ಕೆಲವರು ಸೇರಿ ನೀಲಕಂಠೇಶ್ವರ ನಾಟ್ಯ ಸೇವಾ ಸಂಘವನ್ನು ಕಟ್ಟಿದರು. ಅದೇ ಇಂದಿನ ನೀನಾಸಮ್. ಹೆಸರಿನಲ್ಲಿಯೇ 'ಸೇವೆ' ಎಂಬ ಮಾತಿದೆ, ಗಮನಿಸಿ. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣನವರು ಪಟ್ಟಣಕ್ಕೆ ಹೋಗಿ ಹೆಸರು ಮಾಡಬಹುದಿತ್ತು. ಅವರು ಊರಿನಲ್ಲೇ ಉಳಿದು, ಜಗತ್ತಿನ ಒಳ್ಳೆಯದು ಹಳ್ಳಿಗೆ ಬರಲಿ ಎಂದರು. 1972ರಲ್ಲಿ ಅಲ್ಲಿ ಶಿವರಾಮ ಕಾರಂತರ ಹೆಸರಿನ ರಂಗಮಂದಿರ ಎದ್ದಿತು. ಮರುವರ್ಷ ಚಿತ್ರಸಮಾಜ ಹುಟ್ಟಿತು. ತೋಟದ ಕೆಲಸ ಮುಗಿಸಿ ಬಂದ ರೈತರು ಜಪಾನಿನ, ಇಟಲಿಯ ಸಿನಿಮಾಗಳನ್ನು ನೋಡಿ ಚರ್ಚೆ ಮಾಡಿದರು. ಇಂಥದ್ದು ಹಳ್ಳಿಯವರಿಗೆ ಎಲ್ಲಿ ಅರ್ಥವಾದೀತು ಎಂದವರಿಗೆ ಹಳ್ಳಿಯವರೇ ಉತ್ತರ ಕೊಟ್ಟರು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2005ರಲ್ಲಿ ಅವರು ತೀರಿಕೊಂಡರು, ಸಂಘ ನಿಲ್ಲಲಿಲ್ಲ. ಒಬ್ಬ ವ್ಯಕ್ತಿ ಹೋದ ಮೇಲೂ ಉಳಿಯುವುದೇ ಸಂಸ್ಥೆಯಲ್ಲವೇ?

1980ರಲ್ಲಿ ಅಲ್ಲಿ ರಂಗಶಿಕ್ಷಣ ಕೇಂದ್ರ ಆರಂಭವಾಯಿತು. ನಾಟಕ ಕಲಿತವರಿಗೆ ಕೆಲಸ ಬೇಕು, ಸಣ್ಣ ಊರುಗಳಿಗೆ ಒಳ್ಳೆಯ ನಾಟಕ ಬೇಕು. ಈ ಎರಡನ್ನೂ ಜೋಡಿಸಿದ್ದು 1985ರಲ್ಲಿ ಶುರುವಾದ 'ತಿರುಗಾಟ'. ನಟನಟಿಯರ ಒಂದು ತಂಡ ನಾಟಕಗಳನ್ನು ಸಿದ್ಧಪಡಿಸಿಕೊಂಡು ತಿಂಗಳುಗಟ್ಟಲೆ ಕರ್ನಾಟಕದ ಊರೂರು ಸುತ್ತುತ್ತದೆ. ಪಾತ್ರ ಮಾಡುವವರೇ ಲಾರಿಯಿಂದ ಸಾಮಾನು ಇಳಿಸಬೇಕು, ರಂಗ ಕಟ್ಟಬೇಕು, ದೀಪ ಜೋಡಿಸಬೇಕು, ಆಟ ಮುಗಿದ ಮೇಲೆ ಎಲ್ಲವನ್ನೂ ಬಿಚ್ಚಿ ಮತ್ತೆ ಲಾರಿಗೆ ತುಂಬಬೇಕು. ಊರಿನ ಯಾವುದಾದರೂ ಶಾಲೆಯೋ ಸಂಘವೋ ಆತಿಥ್ಯ ವಹಿಸುತ್ತದೆ. ಊರಿನವರು ಕೈಜೋಡಿಸದಿದ್ದರೆ ಈ ಲಾರಿ ಮುಂದೆ ಹೋಗದು.

ಇಂಥದೇ ಒಂದು ತಿರುಗಾಟದ ತಂಡ ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ಶಾಲೆಯೊಂದಕ್ಕೆ ಬಂದಿತ್ತು. ರಾತ್ರಿಯ ಊಟದ ಹೊಣೆಯನ್ನು ನಮ್ಮ ಸ್ವಸಹಾಯ ಗುಂಪಿನ ಹೆಂಗಸರು ವಹಿಸಿಕೊಂಡಿದ್ದೆವು. ಗುಂಪಿನಲ್ಲಿ ನಾವು ಬ್ಯಾರಿ ಹೆಂಗಸರು ನಾಲ್ವರು, ಉಳಿದವರು ನೆರೆಯ ಹಿಂದೂ, ಜೈನ, ಕ್ರೈಸ್ತ ಮನೆಗಳವರು. ಎಲ್ಲರೂ ಉಣ್ಣುವಂತಿರಲಿ ಎಂದು ಕುಚ್ಚಲಕ್ಕಿ ಅನ್ನ, ಸಾರು, ಪಲ್ಯ, ಉಪ್ಪಿನಕಾಯಿ ಎಂದು ಗೊತ್ತುಮಾಡಿದೆವು. ಮಧ್ಯಾಹ್ನ ತರಕಾರಿ ಹೆಚ್ಚುತ್ತ ಕುಳಿತಿದ್ದಾಗ ನನ್ನ ಮಗಳು ಓಡಿಬಂದು, "ಉಮ್ಮಾ, ಅಲ್ಲೊಬ್ಬರು ಅಕ್ಕ ಸುತ್ತಿಗೆ ಹಿಡಿದು ಮೊಳೆ ಹೊಡೀತಿದ್ದಾರೆ. ರಾತ್ರಿ ಅವರೇ ಅಮ್ಮನ ಪಾತ್ರ ಮಾಡೋದಂತೆ!" ಎಂದಳು. ಅವಳಿಗೆ ಬೆರಗಾದದ್ದು ಪಾತ್ರಕ್ಕಲ್ಲ, ಸುತ್ತಿಗೆಗೆ.

ಮಗ್ರಿಬ್ ನಮಾಝ್ ಮುಗಿಸಿ ಅತ್ತೆಯನ್ನೂ ಕರೆದುಕೊಂಡು ಹೋದೆ. ಮನೆಯ ಒಬ್ಬರು ಹಿರಿಯರು, "ಹೆಂಗಸರಿಗೆ ಅಲ್ಲೇನು ಕೆಲಸ?" ಎಂದಿದ್ದರು. "ಅನ್ನ ಬೇಯಿಸುವ ಕೆಲಸ ಇತ್ತಲ್ಲ, ಇನ್ನು ಬಡಿಸುವ ಕೆಲಸವೂ ಇದೆ. ನಡುವೆ ಎರಡು ಗಂಟೆ ಕುಳಿತುಕೊಳ್ಳುತ್ತೇವೆ" ಎಂದು ಅತ್ತೆಯೇ ಉತ್ತರಿಸಿದರು. ನಾಟಕದಲ್ಲಿ ಜಮೀನಿಗಾಗಿ ತಂಗಿಯನ್ನು ಮನೆಯಿಂದ ಹೊರಹಾಕುವ ಅಣ್ಣನೊಬ್ಬನಿದ್ದ. ಮನೆಗೆ ಬರುವ ದಾರಿಯುದ್ದಕ್ಕೂ ಅತ್ತೆ ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ಚಹಾ ಕುಡಿಯುವಾಗ, ತನ್ನ ತವರಿನ ಪಾಲಿನ ವಿಷಯವನ್ನು ನಮ್ಮೆಲ್ಲರ ಮುಂದೆ ಮೊದಲ ಸಲ ಎತ್ತಿದರು. ನಲವತ್ತು ವರ್ಷ ಒಳಗಿಟ್ಟುಕೊಂಡಿದ್ದ ಮಾತು! ಧರ್ಮ ಹೆಣ್ಣುಮಕ್ಕಳಿಗೆ ಕೊಟ್ಟ ಪಾಲನ್ನು ನಾಚಿಕೆಯ ಹೆಸರಿನಲ್ಲಿ ಕೇಳದೆ ಬಿಟ್ಟ ತಾಯಂದಿರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ? ಪಾಲು ಸಿಕ್ಕಿತೇ ಎಂದು ಕೇಳಬೇಡಿ. ಅದಕ್ಕೆ ನಾಟಕ ಸಾಲದು, ಗಂಡಸರ ಮನಸ್ಸು ಬೇಕು. ಆದರೆ ಮಾತು ಹೊರಗೆ ಬಂತು.

ಸಹೋದರಿಯರೇ, ರಂಗಭೂಮಿಯ ಎಲ್ಲವೂ ನಮ್ಮ ಮನೆಗೆ ಒಪ್ಪುತ್ತದೆ ಎಂದು ನಾನು ಹೇಳುತ್ತಿಲ್ಲ. ಮಕ್ಕಳು ಏನು ನೋಡಬೇಕು, ಯಾವ ಪಾತ್ರ ಮಾಡಬೇಕು, ಉಡುಪು ಹೇಗಿರಬೇಕು ಎಂಬುದನ್ನು ವಿಚಾರಿಸುವ ಹಕ್ಕು ತಾಯಿಗೆ ಇದ್ದೇ ಇದೆ. ಆದರೆ ಕೈಯಲ್ಲಿರುವ ಮೊಬೈಲಿನಲ್ಲಿ ಏನೇನೋ ಬಂದು ಬೀಳುತ್ತಿರುವಾಗ ಅದನ್ನು ವಿಚಾರಿಸದೆ, ಊರಿನ ಶಾಲೆಯಲ್ಲಿ ನೂರು ಜನರ ನಡುವೆ ನಡೆಯುವ ನಾಟಕಕ್ಕೆ ಮಾತ್ರ ಬಾಗಿಲು ಹಾಕುವುದು ಯಾವ ಜಾಣತನ?

ಇನ್ನೊಂದು ಮಾತು. ನಮ್ಮ ಕರಾವಳಿಯಲ್ಲಿ ಬೇರೆ ಬೇರೆ ಸಮುದಾಯದವರು ಒಟ್ಟಿಗೆ ಕುಳಿತುಕೊಳ್ಳುವ ಜಾಗಗಳು ಕಡಿಮೆಯಾಗುತ್ತಿವೆ. ಒಬ್ಬರ ಬಗ್ಗೆ ಇನ್ನೊಬ್ಬರು ಕೇಳಿದ ಸುದ್ದಿಯನ್ನೇ ನಂಬುವ ಕಾಲ. ನಮ್ಮ ಮನೆಗಳ ಕತೆಯನ್ನು ಇತರರೂ ನೋಡಬೇಡವೇ? ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿ ನಾಟಕವಾಗಿ ರಂಗಕ್ಕೆ ಬಂದಿದೆ. ನಾದಿರಾಳ ಸಂಕಟ ಕಂಡವರು ಅವಳ ಜಾತಿ ಕೇಳಿ ಅಳಲಾರರು. ಹಾಗೆಯೇ ನಾವೂ ನೆರೆಯವರ ಸಂಕಟವನ್ನು ಕಣ್ಣಾರೆ ಕಾಣಬೇಕಲ್ಲವೇ?

ಲಾಭಕ್ಕಾಗಿ ನಡೆಯದ ತಂಡಗಳು ಬರೀ ಹೊಗಳಿಕೆಯಿಂದ ಬದುಕುವುದಿಲ್ಲ. ನಿಮ್ಮೂರಿಗೆ ಅಂಥ ತಂಡ ಬಂದರೆ ಟಿಕೆಟ್ಟಿದ್ದರೆ ಕೊಂಡುಕೊಳ್ಳಿ. ಒಂದು ಹೊತ್ತಿನ ಊಟದ ಹೊಣೆ ಹೊರಿ. ಮಕ್ಕಳನ್ನೂ, ಮನೆಯ ಮೂಲೆಯಲ್ಲಿ ಕುಳಿತ ಹಿರಿಯ ಹೆಂಗಸರನ್ನೂ ಕರೆದುಕೊಂಡು ಹೋಗಿ. ಬಂದ ಮೇಲೆ, "ನಿನಗೆ ಏನನಿಸಿತು?" ಎಂದು ಕೇಳಿ, ಅವರು ಹೇಳಿ ಮುಗಿಸುವ ತನಕ ಸುಮ್ಮನೆ ಕೇಳಿಸಿಕೊಳ್ಳಿ.