ಬೇಲಿಯೇ ಹೊಲ ಮೇಯ್ದರೆ

ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು? ಈ ಮಾತನ್ನು ನಾವು ಸಾಮಾನ್ಯವಾಗಿ ಅಧಿಕಾರದಲ್ಲಿರುವವರನ್ನು ಕುರಿತು ಆಡುತ್ತೇವೆ. ವಿಚಾರಿಸಿ ನೋಡಿದರೆ ಅದು ಮೊದಲು ಒಪ್ಪುವುದು ನಮಗೇ. ಬಾಳೆಂಬ ಹೊಲಕ್ಕೆ ಮನಸ್ಸೇ ಬೇಲಿ. ಆ ಬೇಲಿಯೇ ಬೆಳೆಗೆ ಬಾಯಿ ಹಾಕಿದರೆ ಹೊರಗಿನ ಶತ್ರು ಬೇಕಾಗಿಲ್ಲ. ಪರೀಕ್ಷೆಗೆ 90 ದಿನಗಳಿರುವಾಗ ವಿದ್ಯಾರ್ಥಿಯು ವೇಳಾಪಟ್ಟಿಯನ್ನು ಅಂದವಾಗಿ ಬರೆದು ಗೋಡೆಗೆ ಅಂಟಿಸುತ್ತಾನೆ. ಒಂದು ದಿನ ತಪ್ಪಿತೋ, 'ಇನ್ನೇನು, ಕೆಟ್ಟೇ ಹೋಯಿತು' ಎಂದು ಉಳಿದ 89 ದಿನಗಳನ್ನೂ ಅದರ ಬೆನ್ನಿಗೇ ಕಳುಹಿಸಿಬಿಡುತ್ತಾನೆ. ಕೆಡಿಸಿದ್ದು ಆ ಒಂದು ದಿನವಲ್ಲ; ಅದರ ಹಿಂದೆ ಬಂದ ಆ ಮಾತು.

ಈ ರೋಗ ಹೊಸತೇನೂ ಅಲ್ಲ. ಸಂತ ಪೌಲನು ರೋಮಾಪುರದವರಿಗೆ ಬರೆದ ಪತ್ರದ 7ನೆಯ ಅಧ್ಯಾಯದಲ್ಲಿ, ತಾನು ಮಾಡಬೇಕೆಂದುಕೊಂಡ ಒಳ್ಳೆಯದನ್ನು ಮಾಡದೆ ಬೇಡವೆಂದುಕೊಂಡ ಕೆಟ್ಟದ್ದನ್ನೇ ಮಾಡುತ್ತಿರುವೆನೆಂದು ಹಲುಬುತ್ತಾನೆ. ಇಂತಹ ಮಹಾಪುರುಷನಿಗೂ ಈ ಪಾಡಾದರೆ ನಮ್ಮಂಥವರ ಗತಿಯೇನು? ಆದರೆ ಈ ಮಾತಿನ ಅರ್ಥ ನನಗೆ ಗ್ರಂಥದಿಂದ ತಿಳಿದುದಕ್ಕಿಂತ ನನ್ನ ತಂದೆಯ ಬಾಳಿನಿಂದ ತಿಳಿದದ್ದೇ ಹೆಚ್ಚು.

ನಮ್ಮದು ತುಂಗಭದ್ರೆಯ ದಂಡೆಯ ಕುಮಾರಪಟ್ಟಣ. ಹೊಳೆಯ ಈಚೆ ನಾವು ಹಾವೇರಿ ಜಿಲ್ಲೆಯವರು. ಆಚೆಯ ಹರಿಹರ ದಾವಣಗೆರೆ ಜಿಲ್ಲೆಗೆ ಸೇರಿದೆ. ಹೊರಗಿನವರು ನಮ್ಮ ಊರನ್ನು ಕಾರ್ಖಾನೆಯಿಂದ ಗುರುತಿಸುತ್ತಾರೆ. ನಮ್ಮ ಮನೆಯವರಿಗೆ ಮಾತ್ರ ಹೊಳೆಯಾಚೆಯ ಆರೋಗ್ಯ ಮಾತೆಯ ದೇವಾಲಯವೇ ದಿಕ್ಕು. ಪ್ರತಿ ವರ್ಷ ಸೆಪ್ಟೆಂಬರ್ 8ರ ಹಬ್ಬಕ್ಕೆ ಅಲ್ಲಿ ನೆರೆಯುವ ಜನರಲ್ಲಿ ಜಾತಿಮತಗಳ ಎಣಿಕೆಯಿಲ್ಲ.

ನನ್ನ ತಂದೆ ಗೌಂಡಿ ಕೆಲಸದವರು. ಕೈ ಒಳ್ಳೆಯದು, ಮಾತು ಮೃದು. ಆದರೆ ಶನಿವಾರ ಬಟವಡೆಯಾಯಿತೆಂದರೆ ಅವರು ನೇರವಾಗಿ ಮನೆಗೆ ಬರುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಅವ್ವನ ಮುಂದೆ ಶಿಲುಬೆ ಮುಟ್ಟಿ, ಜನ್ಮದಲ್ಲಿ ಇನ್ನು ಕುಡಿಯುವುದಿಲ್ಲವೆಂದು ಆಣೆಯಿಡುತ್ತಿದ್ದರು. ಆ ಆಣೆ ಕೆಲವೊಮ್ಮೆ ವಾರ, ಕೆಲವೊಮ್ಮೆ ತಿಂಗಳು ಬಾಳುತ್ತಿತ್ತು. ಒಮ್ಮೆ ಮುರಿಯಿತೆಂದರೆ, 'ಹೆಂಗೂ ಕೆಟ್ಟೆ, ದೇವರಿಗೂ ಮಾರಿ ತೋರಿಸೋ ಹಂಗಿಲ್ಲ' ಎಂದು ಎಂಟು ದಿನ ಕೆಲಸಕ್ಕೂ ಹೋಗುತ್ತಿರಲಿಲ್ಲ. ಅವರನ್ನು ಕೆಡಿಸುತ್ತಿದ್ದುದು ಕುಡಿತವೊಂದೇ ಅಲ್ಲ, ನಾಚಿಕೆಯೂ ಹೌದು ಎಂಬುದು ನನಗೆ ಬಹಳ ದಿನಗಳ ಮೇಲೆ ಹೊಳೆಯಿತು. ಅಷ್ಟರಲ್ಲಿ ಅಕ್ಕನ ಓದು ಹತ್ತನೆಯ ತರಗತಿಗೇ ನಿಂತಿತ್ತು. ನನ್ನದೂ ನಿಲ್ಲುವುದರಲ್ಲಿತ್ತು.

ಅಂತಹ ಒಂದು ವಾರದಲ್ಲಿ ಅವ್ವ ಅವರನ್ನು ವೃದ್ಧ ಪಾದ್ರಿಗಳೊಬ್ಬರ ಬಳಿಗೆ ಕರೆದೊಯ್ದಳು. ನಾನೂ ಜೊತೆಗಿದ್ದೆ. ಅವರು ಉಪದೇಶ ಮಾಡಲಿಲ್ಲ. 'ಅಲ್ಲಪ್ಪಾ, ಗೋಡೆ ಕಟ್ಟುವಾಗ ಒಂದು ವರಸೆ ಸೊಟ್ಟಾದರೆ ಗೋಡೆಯನ್ನೆಲ್ಲ ಕೆಡವುತ್ತೀಯೇನು?' ಎಂದು ಕೇಳಿದರು.

'ಇಲ್ರೀ ಫಾದರ್. ಆ ವರಸಿ ಅಷ್ಟ ತಗದು ಮತ್ತ ಕಟ್ತೀನ್ರಿ.'

'ಹಾಗಾದರೆ ನಿನ್ನ ಬಾಳನ್ನೇಕೆ ಬುಡಸಹಿತ ಕೆಡವುತ್ತೀ? ಜನ್ಮದ ಆಣೆ ಇಡಬೇಡ. ಕ್ರಿಸ್ತಸ್ವಾಮಿ ಕಲಿಸಿದ ಪ್ರಾರ್ಥನೆಯಲ್ಲಿ ಇಂದಿನ ರೊಟ್ಟಿಯನ್ನಷ್ಟೇ ಬೇಡುತ್ತೇವೆ. ನೀನೂ ಇವತ್ತಿನ ಬಲವನ್ನಷ್ಟೇ ಬೇಡು.'

ತಂದೆಯವರು ಅಂದಿನಿಂದ ಬೆಳಗಿನ ಪ್ರಾರ್ಥನೆ ಮುಗಿಸಿಯೇ ಕೆಲಸಕ್ಕೆ ಹೊರಟರು. ಶನಿವಾರ ಬಟವಡೆಯ ಹೊತ್ತಿಗೆ ಅವ್ವ ಹೋಗಿ ಎದುರಿಗೆ ನಿಲ್ಲಬೇಕೆಂದು ತಾವೇ ಹೇಳಿದರು. ಮತ್ತೆ ಬೀಳಲೇ ಇಲ್ಲವೆಂದು ನಾನು ಹೇಳಲಾರೆ. ಎರಡು ಸಲ ಬಿದ್ದರು. ಆದರೆ ಮರುದಿನ ಬೆಳಿಗ್ಗೆ ಪ್ರಾರ್ಥನೆಗೆ ಮೊಣಕಾಲೂರಿ ಕುಳಿತದ್ದು ಅದೇ ಮನುಷ್ಯ. ಆಮೇಲೆ ನಾಲ್ಕು ವರ್ಷಗಳು ಸಂದಿವೆ. ನಾನು ಈ ಕಾಲೇಜಿನ ಮೆಟ್ಟಿಲು ಹತ್ತಿದ್ದು ಆ ಶನಿವಾರಗಳ ಉಳಿತಾಯದಿಂದ.

ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪೌಲನು ಆತ್ಮದ ಫಲಗಳನ್ನು ಎಣಿಸುತ್ತಾನೆ. ಪ್ರೀತಿ ಮೊದಲನೆಯದು, ಶಮೆದಮೆ ಕೊನೆಯದು. ಸಂಯಮವನ್ನು ಆತನು ಅಲ್ಲಿ ಕೋಟೆಯೆನ್ನಲಿಲ್ಲ, ಚಾಟಿಯೆನ್ನಲಿಲ್ಲ, ಫಲವೆಂದನು. ಗಿಡವನ್ನು ಬಯ್ದು ಹಣ್ಣು ಪಡೆದ ರೈತನುಂಟೆ? ಬೇರಿಗೆ ನೀರೆರೆಯಬೇಕು, ದಿನವೂ ಎರೆಯಬೇಕು. ಕ್ಷಮೆಯೇ ಆ ನೀರು. ಕ್ಷಮೆ ಸಿಕ್ಕವನು ಸಡಿಲಬಿಡುವನೆಂದು ಕೆಲವರು ಹೇಳುವರು. ನಾನು ಕಂಡದ್ದು ಬೇರೆ: ಕ್ಷಮೆ ಸಿಕ್ಕಿದೆಯೆಂದು ನಂಬಿದವನೇ ಮರುದಿನ ಕೆಲಸಕ್ಕೆ ಏಳುತ್ತಾನೆ.

ಇದು ದುರಭ್ಯಾಸ ಬಿಡುವವರಿಗೆ ಮಾತ್ರ ಹೇಳಿದ ಮಾತಲ್ಲ. ದೊಡ್ಡ ಕಾರ್ಯಗಳೂ ಹೀಗೆಯೇ ಒಂದೊಂದು ವರಸೆಯಾಗಿ ಏಳುತ್ತವೆ. ಬಾಸೆಲ್ ಮಿಶನ್ನಿನ ಫರ್ಡಿನೆಂಡ್ ಕಿಟ್ಟೆಲ್ಲರು 1853ರಲ್ಲಿ ಈ ನಾಡಿಗೆ ಬಂದವರು; ಅವರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂದದ್ದು 1894ರಲ್ಲಿ. ಧಾರವಾಡದ ರೆವರೆಂಡ್ ಉತ್ತಂಗಿ ಚನ್ನಪ್ಪನವರು (1881-1962) ಕ್ರೈಸ್ತ ಬೋಧಕರಾಗಿದ್ದುಕೊಂಡೇ ಸರ್ವಜ್ಞನ ತ್ರಿಪದಿಗಳನ್ನು ಒಂದೊಂದಾಗಿ ಕೂಡಿಸಿ 1924ರಲ್ಲಿ ಪ್ರಕಟಿಸಿದರು. ಸರ್ವಜ್ಞನ ಹೆಸರಿನೊಡನೆ ಜನ ಹೇಳಿಕೊಂಡು ಬಂದ ಅಬಲೂರು, ಮಾಸೂರುಗಳು ನಮ್ಮ ಜಿಲ್ಲೆಯವೇ. ತಮ್ಮನ್ನು 'ತಿರುಳ್ಗನ್ನಡದ ತಿರುಕ'ನೆಂದು ಕರೆದುಕೊಂಡ ಆ ಪುಣ್ಯಾತ್ಮರು 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಬೇಡುವವನು ದಿನವೂ ಹೊರಡಲೇಬೇಕು. ನಿನ್ನೆ ಜೋಳಿಗೆ ಬರಿದಾಗಿ ಬಂದಿತೆಂದು ಇಂದು ಮನೆಯಲ್ಲಿ ಕುಳಿತರೆ ಆಗದು. ಅವರ ಶಿಸ್ತಿನ ಗುಟ್ಟು ಆ ಹೆಸರಿನಲ್ಲಿಯೇ ಇದೆಯೆಂದು ನನಗೆ ತೋರುತ್ತದೆ.

ಸಹಪಾಠಿ ಮಿತ್ರರೇ, ನಾನು ನಂಬಿದ ದೇವರನ್ನೇ ನೀವೂ ನಂಬಬೇಕೆಂದು ಹೇಳುವುದು ನನ್ನ ಉದ್ದೇಶವಲ್ಲ. ನಿಮ್ಮ ನಿಮ್ಮ ಮನೆಗಳಲ್ಲಿಯೂ ದೀಪ ಹಚ್ಚುವ ಹೊತ್ತೊಂದು ಇದ್ದೇ ಇರುತ್ತದೆ. ಆ ಹೊತ್ತಿಗೆ ಜನ್ಮದ ಲೆಕ್ಕ ತೆಗೆಯಬೇಡಿ, ಅಂದಿನ ಲೆಕ್ಕ ನೋಡಿದರೆ ಸಾಕು. ಸೊಟ್ಟಾದ ವರಸೆಯಿದ್ದರೆ ಅದೊಂದನ್ನು ತೆಗೆಯಿರಿ. ಗೋಡೆ ನಿಂತಿರಲಿ.