ಎರಡೂ ನಿಜವಾದಾಗ

ಮನುಷ್ಯನ ಒಳಗಿನ ವೈರುಧ್ಯವನ್ನು ನಾವು ಸಾಮಾನ್ಯವಾಗಿ ಕಪಟವೆಂದೇ ಎಣಿಸುತ್ತೇವೆ. ಒಂದು ಮುಖ, ಇನ್ನೊಂದು ಮುಖವಾಡ ಎಂಬುದು ನಮ್ಮ ಗೃಹೀತ. ಆದರೆ ಕಪಟಿಗೆ ತನ್ನ ನಿಜ ಯಾವುದೆಂಬುದು ತಿಳಿದಿರುತ್ತದೆ. ಅದನ್ನು ಅವನು ಮರೆಮಾಚುತ್ತಾನೆ. ವೈರುಧ್ಯದಲ್ಲಿ ಬದುಕುವವನಲ್ಲಿ ಎರಡೂ ನಿಜವಾಗಿರುತ್ತವೆ. ಅವನನ್ನು ಅರ್ಥಮಾಡಿಕೊಳ್ಳುವ ಕಷ್ಟವಿರುವುದು ಇಲ್ಲಿಯೇ.

ಮುಂಬಯಿ ಕನ್ನಡಿಗರಿಗೆ ಇದಕ್ಕೆ ನಿದರ್ಶನವನ್ನು ದೂರದಲ್ಲಿ ಅರಸಬೇಕಿಲ್ಲ. ಕರಾವಳಿಯ ಹುಡುಗರು ಹಗಲು ಹೋಟೆಲುಗಳಲ್ಲಿ ದುಡಿದು ಕನ್ನಡ ರಾತ್ರಿಶಾಲೆಗಳಲ್ಲಿ ಓದಿದ್ದು ಈ ನಗರದ ಚರಿತ್ರೆಯ ಒಂದು ಅಧ್ಯಾಯ. 1950ರ ದಶಕದಲ್ಲಿ ಇಲ್ಲಿಗೆ ಬಂದ ನನ್ನ ತಂದೆ ಅಂಥವರಲ್ಲೊಬ್ಬರು. ಗ್ಲಾಸು ಒಡೆದರೆ ಅವರ ಧಣಿ ಅದರ ಬೆಲೆಯನ್ನು ಸಂಬಳದಲ್ಲಿ ಮುರಿದುಕೊಳ್ಳುತ್ತಿದ್ದರು. ಜ್ವರ ಬಂದ ದಿನಕ್ಕೆ ಸಂಬಳವೇ ಇರಲಿಲ್ಲ. ಅದೇ ಧಣಿ, ಸಂಜೆ ಗಿರಾಕಿಗಳ ನೂಕುನುಗ್ಗಲಿನ ನಡುವೆಯೂ ಶಾಲೆಯ ಹೊತ್ತಾಯಿತೆಂದು ಅವರನ್ನು ಕಳುಹಿಸುತ್ತಿದ್ದರು. ಪುಸ್ತಕಕ್ಕೂ ಪರೀಕ್ಷಾ ಶುಲ್ಕಕ್ಕೂ ಗಲ್ಲಾಪೆಟ್ಟಿಗೆಯಿಂದ ಹಣ ತೆಗೆದುಕೊಡುತ್ತಿದ್ದರು.

ಅವರು ಒಳ್ಳೆಯವರೇ, ಕೆಟ್ಟವರೇ ಎಂದು ಕಾಲೇಜಿನ ದಿನಗಳಲ್ಲಿ ನಾನೊಮ್ಮೆ ಕೇಳಿದಾಗ ತಂದೆಯವರೆಂದರು: "ಸಂಬಳ ಮುರಿದವರೂ ಅವರೇ, ಶಾಲೆಗೆ ಕಳಿಸಿದವರೂ ಅವರೇ. ಯಾವುದನ್ನು ಸುಳ್ಳು ಅನ್ನಲಿ, ಮಗಾ?"

ಈ ಉತ್ತರದಲ್ಲಿ ಕ್ಷಮೆಯಿಲ್ಲ. ಕೊಟ್ಟ ವಿದ್ಯೆಯಿಂದ ಮುರಿದ ಸಂಬಳ ತುಂಬಿಬರುವುದಿಲ್ಲ; ಮುರಿದ ಸಂಬಳದಿಂದ ವಿದ್ಯೆ ಸುಳ್ಳಾಗುವುದೂ ಇಲ್ಲ. ಎರಡನ್ನೂ ಕೂಡಿ ಕಳೆದು ಒಂದು ಮೊತ್ತಕ್ಕೆ ತರುವ ಆತುರದಲ್ಲಿ ಮನುಷ್ಯನೇ ನಮ್ಮ ಕೈತಪ್ಪಿಹೋಗುತ್ತಾನೆ.

ಯಶವಂತ ಚಿತ್ತಾಲರ (1928–2014) 'ಶಿಕಾರಿ'ಯನ್ನು ಪಾಠ ಹೇಳುವಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ. 1979ರಲ್ಲಿ ಪ್ರಕಟವಾದ ಆ ಕಾದಂಬರಿಯ ಹಿನ್ನೆಲೆ ಮುಂಬಯಿಯ ಔದ್ಯಮಿಕ ಜಗತ್ತು. ತನ್ನ ವಿರುದ್ಧದ ಸಂಚನ್ನು ಭೇದಿಸಹೊರಟ ನಾಗಪ್ಪ ತನ್ನದೇ ಭೂತಕಾಲವನ್ನು, ತನ್ನದೇ ಭಯಗಳನ್ನು ಎದುರಿಸಬೇಕಾಗುತ್ತದೆ. ಅವನಿಗೆ ಅನ್ಯಾಯವಾದದ್ದು ದಿಟ. ಆ ಅನ್ಯಾಯ ಅವನನ್ನು ಆತ್ಮಶೋಧದ ಹೊಣೆಯಿಂದ ಪಾರುಮಾಡುವುದಿಲ್ಲ ಎಂಬುದೂ ದಿಟ. ವಿದ್ಯಾರ್ಥಿಗಳು ಇವೆರಡರಲ್ಲೊಂದನ್ನು ಆರಿಸಿಕೊಂಡು ಉತ್ತರವನ್ನು ಮುಗಿಸಬಯಸುತ್ತಾರೆ. ಕಾದಂಬರಿ ಅದಕ್ಕೆ ಆಸ್ಪದ ಕೊಡುವುದಿಲ್ಲ.

ಹೀಗೆ ಒಂದು ಮೊತ್ತಕ್ಕೆ ಒಗ್ಗದ ಬದುಕಿನಲ್ಲಿ ಅರ್ಥವನ್ನು ಎಲ್ಲಿ ಅರಸಬೇಕು? ತಂದೆಯವರು ಮುಂದೆ ಗುಮಾಸ್ತರಾಗಿ ನಿವೃತ್ತರಾಗುವವರೆಗೂ ವಾರಕ್ಕೆರಡು ಸಂಜೆ ರಾತ್ರಿಶಾಲೆಯೊಂದರಲ್ಲಿ ಗಣಿತ ಕಲಿಸಿದರು. ತಡವಾಗಿ ಬಂದ ಹುಡುಗನನ್ನು ಬೈದವರಲ್ಲ; ಹೋಟೆಲಿನಿಂದ ಬರುವವನಿಗೆ ಏಕೆ ತಡವಾಗುತ್ತದೆಂಬುದು ಅವರಿಗೆ ಗೊತ್ತಿತ್ತು. ಧಣಿಯ ಕೈಯಿಂದ ಪಡೆದದ್ದನ್ನು ಮುಂದಿನವರಿಗೆ ದಾಟಿಸಿದರು. ಅದೇ ಕೈಯಿಂದ ಉಂಡ ನೋವನ್ನು ತಮ್ಮಲ್ಲಿಯೇ ನಿಲ್ಲಿಸಿಕೊಂಡರು. ಧಣಿಯ ಒಗಟನ್ನು ಅವರು ಕೊನೆಯವರೆಗೂ ಬಿಡಿಸಲಿಲ್ಲ. ಯಾವುದು ಮುಂದೆ ಸಾಗಬೇಕು, ಯಾವುದು ತನ್ನಲ್ಲಿಗೇ ಮುಗಿಯಬೇಕು ಎಂಬುದನ್ನು ಮಾತ್ರ ನಿರ್ಧರಿಸಿದ್ದರು. ಅರ್ಥದ ಹುಡುಕಾಟಕ್ಕೆ ನಾನು ಕಂಡ ಅತ್ಯಂತ ಸ್ಪಷ್ಟವಾದ ವ್ಯಾಖ್ಯಾನ ಇದು.